ದಿನಕ್ಕೊಂದೇ ಭೇಟಿ

ಬೆಳಕು ಹರಿಯುವ ಮೊದಲು ಅವಳು ಮಾಡುತ್ತಿದ್ದ ಕೆಲಸಗಳು ಇವು: ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಉಸಿರಾಟದ ಸದ್ದಿಗೆ ಕಿವಿಗೊಡುವುದು. ರಾತ್ರಿ ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಸದ್ದಾಗದಂತೆ ಎತ್ತಿಡುವುದು. ಹಾಲು ಕಾಯಿಸುವುದು. ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು, ಒದ್ದೆಯಾದ ಹಾಸು ತೆಗೆದು ನೆನೆಹಾಕುವುದು, ಒಣಗಿದ್ದನ್ನು ಹಾಸುವುದು. ಬೆಳಗಿನ ಮಾತ್ರೆ, ಮಧ್ಯಾಹ್ನದ ಮಾತ್ರೆ ಎಂದು ಬೇರೆ ಬೇರೆ ಬಟ್ಟಲಿಗೆ ಹಾಕುವುದು. ತರಕಾರಿ ಹೆಚ್ಚುವುದು, ಬೇಯಿಸುವುದು, ತನಗೂ ಗಂಡನಿಗೂ ಡಬ್ಬಿ ತುಂಬುವುದು. ಅಷ್ಟರಲ್ಲಿ ಸಿಂಕು ಮತ್ತೆ ತುಂಬಿರುತ್ತಿತ್ತು. ಅದನ್ನು ಮತ್ತೆ ಖಾಲಿ ಮಾಡುವುದು. ಕೊನೆಯದಾಗಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೆಲಸ: ಅತ್ತೆಯ ಮೈ ಒರೆಸುವ ಟವೆಲನ್ನು ಹಸಿರು ಅಂಚು ಒಳಕ್ಕೆ ಹೋಗುವಂತೆ ಮಡಚಿ ಕುರ್ಚಿಯ ಬೆನ್ನಿಗೆ ಹಾಕುವುದು.

ಇದೆಲ್ಲ ಮುಗಿಯುವ ಹೊತ್ತಿಗೆ ಗಂಡ ಎದ್ದು ಬಂದು ಕಾಫಿ ಲೋಟ ಕೈಗೆತ್ತಿಕೊಂಡು, ಇವತ್ತು ಬೇಗ ಎದ್ದುಬಿಟ್ಟಿದ್ದೀಯಲ್ಲ ಎನ್ನುತ್ತಿದ್ದ. ಮದುವೆಯಾದ ಮಾರನೆಯ ದಿನದಿಂದ ಅವನು ಹಾಗೆಯೇ ಆಶ್ಚರ್ಯಪಡುತ್ತಾ ಬಂದಿದ್ದ.

ಟವೆಲಿನ ಮಡಿಕೆ ಒಂದು ಪರೀಕ್ಷೆ. ಅವಳೂ ಗಂಡನೂ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಅತ್ತೆಯನ್ನು ನೋಡಿಕೊಳ್ಳಲು ಒಬ್ಬಳು ಬರುತ್ತಿದ್ದಳು. ನಡೆದರೆ ಹೆಜ್ಜೆಯ ಸದ್ದು ಕೇಳದು, ಬಾಗಿಲು ಹಾಕಿದರೆ ಚಿಲಕದ ಸದ್ದು ಕೇಳದು. ಅದಕ್ಕೇ ಜೊತೆಯವರು ಅವಳನ್ನು ಮೆತ್ತಕ್ಕ ಎಂದು ಕರೆಯುತ್ತಿದ್ದರು. ಸದ್ದಿಲ್ಲದವಳು ನಿಜಕ್ಕೂ ಮೈ ಒರೆಸುತ್ತಾಳೋ, ಇಲ್ಲಾ ಟಿವಿ ಮುಂದೆ ಕೂತು ಹೊತ್ತು ಕಳೆಯುತ್ತಾಳೋ? ಅತ್ತೆಯನ್ನು ಕೇಳಿದರೆ ಒಂದು ದಿನ ಬಂದಿದ್ದಳು ಎನ್ನುತ್ತಿದ್ದರು, ಇನ್ನೊಂದು ದಿನ ಯಾರು ಬಂದಿದ್ದರು ಎಂದು ತಿರುಗಿ ಕೇಳುತ್ತಿದ್ದರು. ಟವೆಲು ಮರೆಯುವುದಿಲ್ಲ. ಸಂಜೆ ಮನೆಗೆ ಬಂದೊಡನೆ ಚಪ್ಪಲಿ ಬಿಡುವ ಮೊದಲೇ ಅವಳು ಕುರ್ಚಿಯ ಕಡೆ ನೋಡುತ್ತಿದ್ದಳು. ಮಡಿಕೆ ಬಿಚ್ಚಿರುತ್ತಿತ್ತು, ಬಟ್ಟೆ ತೇವವಾಗಿರುತ್ತಿತ್ತು. ಮೊದಲ ಕೆಲವು ದಿನ ಬಿಟ್ಟರೆ ಒಂದು ದಿನವೂ ತಪ್ಪಿರಲಿಲ್ಲ. ಆದರೂ ಮರುದಿನ ಮತ್ತೆ ಹಸಿರು ಅಂಚನ್ನು ಒಳಗೆ ಸೇರಿಸುತ್ತಿದ್ದಳು.

ಆಫೀಸಿನಲ್ಲಿ ಅವಳಿಗೆ ಪತ್ತೇದಾರಿ ಎಂಬ ಹೆಸರಿತ್ತು. ಯಾರೂ ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಆಡಿದ್ದು ಅವಳಿಗೆ ಗೊತ್ತಾಗದೆ ಇರುತ್ತಿರಲಿಲ್ಲ, ಅದಕ್ಕೇ ಆ ಹೆಸರು.

ಬ್ಯಾಟರಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಸಂಸ್ಥೆ ಹಾಸಿಗೆ ಹಿಡಿದವರ, ವಯಸ್ಸಾದವರ ಮನೆಗಳಿಗೆ ಆರೈಕೆ ಮಾಡುವ ಹೆಂಗಸರನ್ನು ಕಳಿಸುತ್ತಿತ್ತು. ಯಾವ ಮನೆ, ಯಾರ ಆರೈಕೆ, ಯಾವತ್ತು ಯಾರು ಹೋದರು, ಎಲ್ಲವೂ ಒಂದು ಡೇಟಾಬೇಸಿನಲ್ಲಿ ಟೇಬಲ್‌ಗಳಾಗಿ ಕೂತಿತ್ತು. ಅದನ್ನು ಕೆಡದಂತೆ ನೋಡಿಕೊಳ್ಳುವುದು ಪತ್ತೇದಾರಿಯ ಕೆಲಸ. ಮಧ್ಯಾಹ್ನ ಅತ್ತೆಗೆ ಸಿಗುತ್ತಿದ್ದ ಆರೈಕೆ ಅದೇ ಸಂಸ್ಥೆ ತನ್ನ ನೌಕರರಿಗೆ ಕೊಟ್ಟ ಸವಲತ್ತು. ಮೆತ್ತಕ್ಕ ಬರುತ್ತಿದ್ದುದು ಹಾಗೆ.

ಡೇಟಾಬೇಸಿಗೆ ಒಂದು ಗುಣವಿದೆ. ಅದು ಊರಿನವರ ವಿವರದ ಜೊತೆಗೆ ತನ್ನ ವಿವರವನ್ನೂ ಬರೆದಿಟ್ಟುಕೊಂಡಿರುತ್ತದೆ: ತನ್ನಲ್ಲಿ ಎಷ್ಟು ಟೇಬಲ್‌ಗಳಿವೆ, ಯಾವುದರಲ್ಲಿ ಯಾವ ಕಾಲಂ, ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂದು. ಅದನ್ನು ಕ್ಯಾಟಲಾಗ್ ಎನ್ನುತ್ತಾರೆ. ಒಳಗಿನ ಒಬ್ಬ ರೋಗಿಯ ಹೆಸರನ್ನೂ ಓದದೆ, ಬರೀ ಕ್ಯಾಟಲಾಗನ್ನು ಪ್ರಶ್ನೆ ಕೇಳುತ್ತಾ ಕಟ್ಟಡದ ಬಿರುಕು ಹುಡುಕಬಹುದು. ಪತ್ತೇದಾರಿ ವಾರಕ್ಕೊಮ್ಮೆ ಅದನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ಯಾವ ಟೇಬಲ್ ಯಾವುದಕ್ಕೂ ಸಂಬಂಧವಿಲ್ಲದೆ ಒಂಟಿಯಾಗಿದೆ? ಖಾಲಿ ಬಿಡಬಾರದ ಜಾಗವನ್ನು ಖಾಲಿ ಬಿಟ್ಟರೂ ಪರವಾಗಿಲ್ಲ ಎಂದು ಎಲ್ಲಿ ಹೇಳಿದೆ? ಮನೆಯ ನಂಬರು ಒಂದು ಕಡೆ ಅಂಕಿಯಾಗಿ, ಇನ್ನೊಂದು ಕಡೆ ಅಕ್ಷರವಾಗಿ ಯಾಕಿದೆ? ಯಾವ ಟೇಬಲ್‌ಗೆ ಪ್ರೈಮರಿ ಕೀ ಇಲ್ಲ, ಅಂದರೆ ಒಂದು ಸಾಲನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತೇ ಇಲ್ಲ?

ಅವಳು ಬಂದ ಹೊಸದರಲ್ಲಿ ಹೀಗೆ ಕೇಳಿಯೇ ಫೋನ್ ಒಂದು, ಫೋನ್ ಎರಡು, ಫೋನ್ ಮೂರು ಎಂದು ಸಾಲಾಗಿ ಕಾಲಂ ಇದ್ದ ಟೇಬಲ್ ಸಿಕ್ಕಿತ್ತು. ನಾಲ್ಕನೇ ಫೋನ್ ಇದ್ದವರು ಏನು ಮಾಡಬೇಕು ಎಂದು ಅವಳು ಕೇಳಿದಾಗ, ಅಷ್ಟು ಫೋನ್ ಇದ್ದವರಿಗೆ ನಮ್ಮ ಆರೈಕೆ ಯಾಕೆ ಬೇಕು ಮೇಡಂ ಎಂದು ಮ್ಯಾನೇಜರ್ ನಕ್ಕಿದ್ದ. ಒಳ್ಳೆಯ ಮನುಷ್ಯ; ಹಬೆಯಾಡುವ ಚಹಾವನ್ನು ತಾನೇ ತಂದು ಮೇಜಿನ ಮೇಲಿಡುವಂಥವನು. ಸಂಸ್ಥೆ ಶುರುವಾದಾಗ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಈ ಟೇಬಲ್‌ಗಳನ್ನೆಲ್ಲ ಕಟ್ಟಿದವನೂ ಅವನೇ. ಅದನ್ನು ಅವನು ಆಗಾಗ ನೆನಪಿಸುತ್ತಿದ್ದ.

ಆ ವಾರ ಮೆತ್ತಕ್ಕನ ಮೇಲೆ ದೂರು ಬಂತು.

ಮೆತ್ತಕ್ಕ ಬೆಳಿಗ್ಗೆ ಹೋಗುತ್ತಿದ್ದುದು ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ. ಅವರ ಮಗ ಕೆಲಸಕ್ಕೆ ಹೋಗುತ್ತಿದ್ದ. ಬೆಳಿಗ್ಗೆ ಮೆತ್ತಕ್ಕ, ಸಂಜೆ ಇನ್ನೊಬ್ಬಳು ಮೇಷ್ಟ್ರನ್ನು ನೋಡಿಕೊಳ್ಳುತ್ತಿದ್ದರು. ಮೊನ್ನೆ ಸಂಜೆಯವಳು ಹೋದಾಗ ಮೇಷ್ಟ್ರು ಬಚ್ಚಲಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ತಾನು ಬೆಳಿಗ್ಗೆ ಹೋಗಿದ್ದೆ, ಸ್ನಾನ ಮಾಡಿಸಿ, ತಿನ್ನಿಸಿ, ಕುರ್ಚಿಯಲ್ಲಿ ಕೂರಿಸಿ ಬಂದಿದ್ದೆ ಎಂದು ಮೆತ್ತಕ್ಕ ಹೇಳಿದಳು. ಮೇಷ್ಟ್ರನ್ನು ಕೇಳಿದರೆ ಯಾರೋ ಬಂದಿದ್ದರು, ಅಮ್ಮನೇ ಇರಬೇಕು ಎಂದರು. ಅವರ ನೆನಪು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮಗ ಸಂಸ್ಥೆಯಿಂದ ದಾಖಲೆ ತೆಗೆಸಿದ. ಆರೈಕೆಯವರು ಮನೆ ಬಾಗಿಲಿಗೆ ಬಂದೊಡನೆ ಫೋನಿನಲ್ಲಿ ‘ಬಂದೆ’ ಎಂದು ಒತ್ತಬೇಕು. ಒತ್ತಿದ್ದು ಡೇಟಾಬೇಸಿಗೆ ಹೋಗುತ್ತದೆ. ಆ ದಿನ ಆ ಮನೆಯ ಹೆಸರಿನಲ್ಲಿ ಇದ್ದದ್ದು ಒಂದೇ ಸಾಲು, ಸಂಜೆಯವಳದು. ಮೆತ್ತಕ್ಕನ ಸುಳಿವೇ ಇರಲಿಲ್ಲ.

ವಿಚಾರಣೆ ನಿಗದಿಯಾಯಿತು. ಮೇಷ್ಟ್ರ ಮಗ, ಮ್ಯಾನೇಜರ್ ಮತ್ತು ಹೊರಗಿನಿಂದ ಒಬ್ಬ ವಕೀಲೆ ಕೂರುವುದೆಂದಾಯಿತು. ತಪ್ಪು ಸಾಬೀತಾದರೆ ಮೆತ್ತಕ್ಕನ ಕೆಲಸ ಹೋಗುವುದಷ್ಟೇ ಅಲ್ಲ, ಇಂಥ ಬೇರೆ ಸಂಸ್ಥೆಗಳಿಗೂ ಅವಳ ಹೆಸರು ಹೋಗುತ್ತಿತ್ತು. ಆಮೇಲೆ ಯಾವ ಮನೆಯ ಬಾಗಿಲೂ ಅವಳಿಗೆ ತೆರೆಯದು.

ಸುದ್ದಿ ಕೇಳಿ ಪತ್ತೇದಾರಿಗೆ ಮೊದಲು ನೆನಪಾದದ್ದು ಟವೆಲು. ಅಲ್ಲಿ ಹೋಗದವಳು ಇಲ್ಲಿಗೆ ಬರುತ್ತಾಳೆಂದು ಏನು ಗ್ಯಾರಂಟಿ? ತಲೆನೋವೆಂದು ಹೇಳಿ ಮಧ್ಯಾಹ್ನವೇ ಮನೆಗೆ ಹೊರಟಳು. ಬೀದಿಯ ತಿರುವಿನಲ್ಲಿ ಬಸ್ಸಿಳಿದು ಗೋಡೆಯ ನೆರಳಿನಲ್ಲೇ ನಡೆದು ಬಂದು, ಸದ್ದಾಗದಂತೆ ಬಾಗಿಲು ತೆರೆದಳು. ಮೆತ್ತಕ್ಕನ ವಿದ್ಯೆ ಅವಳಿಗೂ ಬರುತ್ತಿತ್ತು.

ಅತ್ತೆ ಕಿಟಕಿಯ ಬಳಿ ಕೂತಿದ್ದರು. ಮೆತ್ತಕ್ಕ ನೆಲದ ಮೇಲೆ ಕೂತು, ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು. ಬಾಗಿಲಲ್ಲಿ ನಿಂತವಳನ್ನು ಮೊದಲು ಕಂಡದ್ದು ಅತ್ತೆ.

‘ನೋಡು, ಇವಳು ಬಂದ್ಳು. ಕಳ್ಳಿ ಥರ ಬರ್ತಾಳೆ.’

‘ತಲೆನೋವು ಅತ್ತೆ, ಅದಕ್ಕೇ ಬಂದೆ.’

‘ತಲೆ ಇದ್ದೋರಿಗೆ ನೋವು,’ ಎಂದು ಅತ್ತೆ ಮೆತ್ತಕ್ಕನ ಕಡೆ ತಿರುಗಿದರು. ‘ನೀನು ಉಗುರು ಕತ್ತರಿಸು. ಅವಳು ನಿಂತು ನೋಡ್ಲಿ.’

ಮೆತ್ತಕ್ಕ ಕತ್ತರಿಸಿ ಮುಗಿಸಿ, ಚೂರುಗಳನ್ನು ಕಾಗದದಲ್ಲಿ ಕಟ್ಟಿ, ಕೈತೊಳೆದು ಅಡುಗೆಮನೆಗೆ ಬಂದಳು. ಪತ್ತೇದಾರಿ ನೀರು ಕುಡಿಯುವ ನೆಪದಲ್ಲಿ ಅಲ್ಲೇ ನಿಂತಿದ್ದಳು. ಮೇಷ್ಟ್ರ ಮನೆಯ ವಿಷಯ ಎತ್ತಿದಳು. ಮೆತ್ತಕ್ಕ ಅಳಲಿಲ್ಲ, ಆಣೆ ಹಾಕಲಿಲ್ಲ. ಅದರ ಮೇಲೂ ಪತ್ತೇದಾರಿಗೆ ಅನುಮಾನವೇ ಬಂತು.

‘ನಾನು ಒತ್ತಿದ್ದೆ ಅಕ್ಕ. ಹಸಿರು ಟಿಕ್ಕೂ ಬಂತು. ಸಂಜೆ ನೋಡಿದ್ರೆ ಇರಲಿಲ್ಲ. ಆ ಮನೇಲಿ ಯಾವಾಗ್ಲೂ ಹಂಗೇ, ಬೆಳಿಗ್ಗೆ ಇರುತ್ತೆ, ಸಂಜೆ ಇರಲ್ಲ.’

‘ಯಾವಾಗ್ಲೂ ಅಂದ್ರೆ? ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?’

‘ಏನಂತ ಹೇಳೋದು?’ ಮೆತ್ತಕ್ಕ ಸಿಂಕಿನಲ್ಲಿದ್ದ ಲೋಟ ತೊಳೆಯತೊಡಗಿದಳು. ‘ಮನೇಲಿ ನೆಲ ಒರೆಸ್ತೀನಿ, ಸಂಜೆಗೆ ಒರೆಸಿದ್ದು ಕಾಣಲ್ಲ. ಅದನ್ನ ಯಾರಿಗೆ ಹೇಳ್ತೀನಿ? ಫೋನೂ ಹಂಗೇ ಅಂದ್ಕೊಂಡೆ.’

ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು, ಅವಳು ಇನ್ನೊಂದು ಮಾತು ಸೇರಿಸಿದಳು. ‘ಟವೆಲ್ಲು ಹಸಿರು ಅಂಚು ಒಳಗೆ ಹಾಕಿ ಮಡಚಿಡ್ತೀರಲ್ಲ. ಮೊದಮೊದಲು ನಾನೂ ಹಂಗೇ ಮಡಚಿಡ್ತಿದ್ದೆ, ನಿಮಗೆ ಇಷ್ಟ ಅಂತ. ಆಮೇಲೆ ಗೊತ್ತಾಯ್ತು, ಬಿಚ್ಚಿಟ್ರೇನೇ ನಿಮಗೆ ಸಮಾಧಾನ ಅಂತ.’

ಪತ್ತೇದಾರಿಯ ಮುಖಕ್ಕೆ ರಕ್ತ ನುಗ್ಗಿತು. ನಾಚಿಕೆ ಇಳಿದ ಮೇಲೆ ಲೆಕ್ಕಾಚಾರ ಶುರುವಾಯಿತು: ಪರೀಕ್ಷೆಯ ವಿಷಯ ಮೆತ್ತಕ್ಕನಿಗೆ ಗೊತ್ತಿದ್ದರೆ, ಮೈ ಒರೆಸದೆಯೂ ಟವೆಲು ಬಿಚ್ಚಿ ನೀರು ಚಿಮುಕಿಸಿ ಹಾಕಬಹುದಿತ್ತಲ್ಲ? ಇಷ್ಟು ತಿಂಗಳ ತೇವದ ಟವೆಲುಗಳು ಒಂದೇ ಏಟಿಗೆ ಬೆಲೆ ಕಳೆದುಕೊಂಡವು. ಉಗುರು ಕತ್ತರಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದಳು, ನಿಜ. ಆದರೆ ಅದು ಇವತ್ತಿನ ಮಾತು.

ತಲೆನೋವು ಇಳಿಯಿತೆಂದು ಬಸ್ಸಿನಲ್ಲಿ ಆಫೀಸಿಗೆ ಮರಳುವಾಗ ‘ಯಾವಾಗ್ಲೂ ಹಂಗೇ’ ಎಂಬ ಮಾತು ಅವಳನ್ನು ಬಿಡಲಿಲ್ಲ. ಸುಳ್ಳು ಹೇಳುವವರು ಆ ಒಂದು ದಿನದ ಬಗ್ಗೆ ಹೇಳುತ್ತಾರೆ. ಪ್ರತಿದಿನವೂ ಅಳಿಸಿಹೋಗುತ್ತದೆ ಎಂದು ಯಾಕೆ ಹೇಳುತ್ತಾರೆ? ಅಥವಾ ಜಾಣತನದ ಸುಳ್ಳು ಹೀಗೇ ಇರುತ್ತದೆಯೋ?

ಆಫೀಸಿನಲ್ಲಿ ಕೂತು ಅವಳು ತನ್ನ ಹಳೆಯ ಪ್ರಶ್ನೆಗಳನ್ನೆಲ್ಲ ಕ್ಯಾಟಲಾಗಿಗೆ ಮತ್ತೆ ಕೇಳಿದಳು. ಭೇಟಿಗಳ ಟೇಬಲ್ ಎಲ್ಲದರಲ್ಲೂ ಪಾಸಾಯಿತು. ಕಾಲಂ ಸರಿಯಿತ್ತು, ಜೋಡಣೆ ಸರಿಯಿತ್ತು, ಪ್ರೈಮರಿ ಕೀ ಇತ್ತು. ಅಲ್ಲಿಗೆ ಅವಳ ಕೈ ನಿಂತಿತು. ಇಷ್ಟು ದಿನ ಅವಳು ಕೇಳುತ್ತಿದ್ದುದು ಯಾವ ಟೇಬಲ್‌ಗೆ ಗುರುತು ಇಲ್ಲ ಎಂದು. ಗುರುತು ಇದ್ದ ಟೇಬಲ್‌ಗಳನ್ನು ಅವಳು, ಹಾದಿಬೀದಿಯವರನ್ನೆಲ್ಲ ಅನುಮಾನಿಸುವ ಅವಳು, ಸುಮ್ಮನೆ ನಂಬಿಬಿಟ್ಟಿದ್ದಳು. ಈಗ ಹೊಸ ಪ್ರಶ್ನೆ ಬರೆದಳು: ಪ್ರತಿ ಟೇಬಲ್‌ನ ಗುರುತು ಯಾವ ಯಾವ ಕಾಲಂ ಸೇರಿ ಆಗಿದೆ?

ಭೇಟಿಗಳ ಟೇಬಲ್‌ನ ಎದುರು ಬಂದದ್ದು ಎರಡೇ ಹೆಸರು. ಮನೆ. ದಿನಾಂಕ.

ಹೋದವಳ ಹೆಸರು ಗುರುತಿನಲ್ಲಿ ಇರಲಿಲ್ಲ. ಹೊತ್ತೂ ಇರಲಿಲ್ಲ. ಒಂದು ಮನೆಗೆ ಒಂದು ದಿನಕ್ಕೆ ಒಂದೇ ಸಾಲು ಇರಬಹುದು ಎಂದು ಟೇಬಲ್ ಕಟ್ಟಿದವನು ತೀರ್ಮಾನಿಸಿದ್ದ. ಬೆಳಿಗ್ಗೆ ಒಬ್ಬಳು ‘ಬಂದೆ’ ಎಂದು ಒತ್ತಿದರೆ ಒಂದು ಸಾಲು. ಸಂಜೆ ಇನ್ನೊಬ್ಬಳು ಒತ್ತಿದರೆ ಎರಡನೆಯ ಸಾಲಿಗೆ ಜಾಗವಿಲ್ಲ. ಆಗ ಪ್ರೋಗ್ರಾಂ ಮೊದಲೇ ಇದ್ದ ಸಾಲಿನ ಮೇಲೆಯೇ ಹೊಸ ಹೆಸರು, ಹೊಸ ಹೊತ್ತು ಬರೆಯುತ್ತಿತ್ತು. ಹೆಚ್ಚಿನ ಮನೆಗಳಿಗೆ ಒಬ್ಬಳೇ ಹೋಗಿ ದಿನವಿಡೀ ಇರುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಟೇಬಲ್‌ನ ಒಳಗನ್ನೂ ನೋಡಿದಳು. ಸಂಸ್ಥೆ ಶುರುವಾದಾಗಿನಿಂದ ಯಾವ ಮನೆಯಲ್ಲೂ ಯಾವ ದಿನವೂ ಎರಡು ಭೇಟಿ ಇರಲಿಲ್ಲ. ಎರಡು ಹೊತ್ತಿನ ಆರೈಕೆ ಇದ್ದ ಮನೆಗಳ ಬೆಳಗುಗಳೆಲ್ಲ ಸಂಜೆಯ ಹೊತ್ತಿಗೆ ಇಲ್ಲವಾಗಿದ್ದವು.

ಮೆತ್ತಕ್ಕ ಆ ಬೆಳಿಗ್ಗೆ ಹೋಗಿದ್ದಳೇ? ಅದು ಇದರಿಂದ ತಿಳಿಯುವಂತಿರಲಿಲ್ಲ. ಅಳಿಸಿಹೋದದ್ದಕ್ಕೂ ಬರೆಯದೇ ಇದ್ದದ್ದಕ್ಕೂ ಆ ಟೇಬಲ್‌ನಲ್ಲಿ ಒಂದೇ ಮುಖ.

ಅವಳು ಕರೆದಾಗ ಮ್ಯಾನೇಜರ್ ಬಂದು ಪರದೆಯನ್ನು ಬಗ್ಗಿ ನೋಡಿದ. ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು, ದಡ್ಡನಲ್ಲ. ಆದರೂ ಸ್ವಲ್ಪ ಹೊತ್ತು ಅದನ್ನು ಸಮರ್ಥಿಸಿಕೊಂಡ. ಒಂದು ಮನೆ, ಒಂದು ದಿನ, ಒಂದು ಭೇಟಿ, ಎಷ್ಟು ಚೊಕ್ಕವಾಗಿತ್ತು ಎಂದ. ಆಗ ಹೀಗೇ ಅನ್ನಿಸಿತ್ತು, ಒಂದು ಮನೆಗೆ ದಿನಕ್ಕೆ ಎಷ್ಟು ಸಲ ಹೋಗಬೇಕಾದೀತು?

‘ನಿಮ್ಮ ಮನೆ ಸಿಂಕು ದಿನಕ್ಕೆ ಎಷ್ಟು ಸಲ ತುಂಬುತ್ತೆ ಸರ್?’

ಅವನು ನಗಲು ಹೋಗಿ ನಿಲ್ಲಿಸಿದ. ಅವನಿಗೆ ಗೊತ್ತಿರಲಿಲ್ಲ.

‘ಸರಿ ಮೇಡಂ, ತಪ್ಪಾಗಿದೆ. ಸರಿ ಮಾಡಿಬಿಡಿ. ಹೋದವರ ಹೆಸರು, ಹೊತ್ತು, ಎರಡನ್ನೂ ಗುರುತಿಗೆ ಸೇರಿಸಿ. ನಾಳೆ ವಿಚಾರಣೆಗೆ ಮುಂಚೆ ಆಗಿರಬೇಕು.’

‘ವಿಚಾರಣೆ ಆದ ಮೇಲೆ ಮಾಡ್ತೀನಿ. ವಕೀಲೆ ಇದನ್ನ ಹೀಗೇ ನೋಡಬೇಕು.’

ಮ್ಯಾನೇಜರ್ ಕುರ್ಚಿ ಎಳೆದು ಕೂತ. ಮೃದುವಾಗಿಯೇ ಮಾತಾಡಿದ. ಮೆತ್ತಕ್ಕ ಹೋಗಿದ್ದಳು ಅಂತ ನೀವು ಹೇಳಬಲ್ಲಿರಾ ಎಂದು ಕೇಳಿದ. ಇಲ್ಲ, ಹೋಗಿರಲಿಲ್ಲ ಅಂತ ಈ ಟೇಬಲ್ ಹೇಳಲಾರದು ಎಂದಷ್ಟೇ ಹೇಳಬಲ್ಲೆ ಎಂದಳು.

‘ಅಷ್ಟಕ್ಕೆ ಸಂಸ್ಥೆ ಹೆಸರು ಹಾಳು ಮಾಡೋದಾ? ಇರೋ ಮನೆಗಳೆಲ್ಲ ಬಿಟ್ಟು ಹೋದ್ರೆ ಆ ಹೆಂಗಸರೆಲ್ಲ ಎಲ್ಲಿಗೆ ಹೋಗ್ತಾರೆ?’ ಅವನು ಧ್ವನಿ ತಗ್ಗಿಸಿದ. ‘ಇನ್ನೊಂದು ಮಾತು ಮೇಡಂ. ಅವಳು ನಿಮ್ಮ ಅತ್ತೇನೇ ನೋಡ್ಕೊಳ್ಳೋದು ಅಲ್ವಾ? ನಾನು ಏನೂ ಅಂದ್ಕೊಳ್ಳಲ್ಲ. ಕೇಳಿದವರು ಏನಂದ್ಕೋತಾರೆ ನೋಡಿ.’

ಇಷ್ಟು ವರ್ಷ ಬೇರೆಯವರ ಮೇಲೆ ಇಟ್ಟ ಕಣ್ಣು ಈಗ ಅವಳ ಮೇಲೆಯೇ ನೆಟ್ಟಿತ್ತು. ಅವಳು ಪರದೆ ಮುಚ್ಚಿದಳು. ಬೆಳಿಗ್ಗೆ ಯಾರೂ ‘ಬಂದೆ’ ಒತ್ತದ ಹೊತ್ತಿನಲ್ಲಿ ಮನೆಯಿಂದಲೇ ಮಾಡುವುದು ಕ್ಷೇಮ ಎಂದಳು. ಇಂಥ ಬದಲಾವಣೆಗಳನ್ನು ಅವಳು ಯಾವಾಗಲೂ ಹಾಗೆಯೇ ಮಾಡುತ್ತಿದ್ದುದರಿಂದ ಮ್ಯಾನೇಜರ್ ತಲೆಯಾಡಿಸಿ, ಅವಳಿಗಾಗಿ ಚಹಾ ತರಲು ಎದ್ದ.

ಸಂಜೆ ಗಂಡನಿಗೆ ಹೇಳಿದಳು. ಅವನು ಟಿವಿಯ ಸದ್ದು ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ, ರಿಪೇರಿ ಮಾಡು ಅಂದರೆ ರಿಪೇರಿ ಮಾಡಬೇಕು, ಅದು ತಾನೇ ನಿನ್ನ ಕೆಲಸ ಎಂದ. ಕೆಲಸ ಹೋದರೆ ಅಮ್ಮನನ್ನು ಮಧ್ಯಾಹ್ನ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ. ಕೆಲಸ ಹೋದರೆ ನಾನೇ ಮನೆಯಲ್ಲಿರುತ್ತೇನಲ್ಲ ಎಂದಳು ಅವಳು. ಅದರಿಂದ ಅವನಿಗೆ ಸಮಾಧಾನವಾದಂತೆ ಕಂಡಿತು. ಅವನ ಆ ಸಮಾಧಾನ ಅವಳಿಗೆ ಮ್ಯಾನೇಜರನ ಮಾತಿಗಿಂತ ಹೆಚ್ಚು ಚುಚ್ಚಿತು.

ಮರುದಿನ ಬೆಳಕಿಗೆ ಮೊದಲೇ ಎದ್ದಳು. ಅತ್ತೆಯ ಉಸಿರಿಗೆ ಕಿವಿಗೊಟ್ಟಳು. ಪಾತ್ರೆ ಎತ್ತಿಟ್ಟಳು. ಹಾಲು ಒಲೆಯ ಮೇಲಿಟ್ಟು, ಹೆಚ್ಚುವ ಮಣೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಳು. ಬದಲಾವಣೆಯ ಆದೇಶ ಬರೆಯಲು ಹೊತ್ತು ಹಿಡಿಯಲಿಲ್ಲ. ಹಳೆಯ ಗುರುತು ತೆಗೆ, ಹೊಸ ಗುರುತು ಹಾಕು. ಒಂದು ಗುಂಡಿ ಒತ್ತಿದರೆ ಮುಗಿಯಿತು.

ಒಳ್ಳೆಯ ಬದಲಾವಣೆಯೇ. ಇದನ್ನು ಮಾಡಿದರೆ ಇವತ್ತಿನಿಂದ ಯಾರ ಬೆಳಗೂ ಅಳಿಸುವುದಿಲ್ಲ. ಆದರೆ ಕ್ಯಾಟಲಾಗಿಗೆ ನಿನ್ನೆ ಎಂಬುದಿಲ್ಲ. ಒತ್ತಿದ ಮರುಕ್ಷಣ ಅದು, ನನ್ನಲ್ಲಿ ಒಂದು ಮನೆಗೆ ದಿನಕ್ಕೆ ಎಷ್ಟು ಭೇಟಿಗಾದರೂ ಜಾಗವಿದೆ ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತದೆ. ಆಗ ಜಾಗವಿದ್ದೂ ಮೆತ್ತಕ್ಕನ ಸಾಲು ಇಲ್ಲ ಎಂದಾಗುತ್ತದೆ. ಹಳೆಯದರ ಪ್ರತಿ ತೆಗೆದಿಟ್ಟುಕೊಂಡು ತೋರಿಸಬಹುದಿತ್ತು. ಆದರೆ ಅತ್ತೆಯನ್ನು ನೋಡಿಕೊಳ್ಳುವವಳಿಗಾಗಿ ಇವಳೇ ಬರೆದು ತಂದದ್ದು ಎಂದು ಮ್ಯಾನೇಜರ್ ಒಂದು ಮಾತು ಅಂದರೆ ಸಾಕಿತ್ತು. ವಕೀಲೆಯ ಕಣ್ಣೆದುರೇ ಮೆತ್ತಕ್ಕ ತನ್ನ ಫೋನಿನಲ್ಲಿ ‘ಬಂದೆ’ ಒತ್ತಬೇಕು, ಆಮೇಲೆ ಸಂಜೆಯವಳು ತನ್ನದರಲ್ಲಿ ಒತ್ತಬೇಕು, ಮೊದಲನೆಯ ಹೆಸರು ಮಾಯವಾಗುವುದನ್ನು ಆಕೆ ನೋಡಬೇಕು. ಅದಕ್ಕೆ ಟೇಬಲ್ ಕೆಟ್ಟೇ ಇರಬೇಕು.

ಮೆತ್ತಕ್ಕ ಹೋಗಿರದಿದ್ದರೆ? ಆ ಬೆಳಿಗ್ಗೆ ಮುದುಕ ಒಬ್ಬನೇ ಬಚ್ಚಲಿಗೆ ತಡವರಿಸಿಕೊಂಡು ಹೋಗಿದ್ದರೆ? ಅನುಮಾನ ಇನ್ನೂ ಅಲ್ಲೇ ಇತ್ತು, ಗಂಟಲಲ್ಲಿ ಸಿಕ್ಕಿಕೊಂಡ ಮಾತ್ರೆಯಂತೆ.

‘ಯಾರದು?’ ಒಳಗಿನಿಂದ ಅತ್ತೆ ಕೂಗಿದರು.

‘ನಾನೇ ಅತ್ತೆ.’

‘ರಾತ್ರಿ ಬಂದಿದ್ದೋಳೂ ನೀನೇನಾ?’

‘ಹೂಂ, ನಾನೇ.’

‘ಯಾರಿಗೆ ಗೊತ್ತು,’ ಎಂದರು ಅತ್ತೆ.

ಅವಳು ಹೋಗಿ ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದಳು, ಒದ್ದೆ ಹಾಸು ತೆಗೆದು ನೆನೆಹಾಕಿದಳು, ಒಣಗಿದ್ದು ಹಾಸಿದಳು, ಮಾತ್ರೆಗಳನ್ನು ಬಟ್ಟಲಿಗೆ ಹಾಕಿದಳು. ಟವೆಲು ಕೈಗೆ ಬಂತು. ಒಂದು ಗಳಿಗೆ ಹಿಡಿದುಕೊಂಡು ನಿಂತಳು. ಆಮೇಲೆ ಹಸಿರು ಅಂಚನ್ನು ಒಳಗೆ ಸೇರಿಸಿಯೇ ಮಡಚಿ ಕುರ್ಚಿಗೆ ಹಾಕಿದಳು. ಮೆತ್ತಕ್ಕನಿಗೆ ಗೊತ್ತಿದೆಯೆಂದು ಗೊತ್ತಿದ್ದರೂ ಹಾಕಿದಳು. ಕೈ ಕೇಳಲಿಲ್ಲ.

ಅಡುಗೆಮನೆಗೆ ಮರಳಿದಾಗ ಹಾಲು ಉಕ್ಕಿ ಒಲೆಯ ಸುತ್ತ ಹರಿದಿತ್ತು. ಅದನ್ನು ಒರೆಸಲಿಲ್ಲ. ಒಲೆ ಆರಿಸಿ, ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು, ಪರದೆಯ ಮೇಲಿದ್ದ ಆದೇಶವನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಅಳಿಸುತ್ತಾ ಬಂದಳು. ಪರದೆ ಖಾಲಿಯಾದ ಮೇಲೆ ಮ್ಯಾನೇಜರನಿಗೆ, ಬದಲಾವಣೆ ಮಾಡಿಲ್ಲ, ವಿಚಾರಣೆಯಲ್ಲಿ ನಾನೂ ಇರುತ್ತೇನೆ ಎಂದು ಬರೆದು ಕಳಿಸಿದಳು. ಕೋಣೆಯಲ್ಲಿ ಗಂಡ ಮಗ್ಗುಲು ಬದಲಿಸಿದ ಸದ್ದಾಯಿತು. ಅವಳು ಫೋನ್ ತೆಗೆದು, ಮೆತ್ತಕ್ಕನಿಗೂ ಸಂಜೆಯವಳಿಗೂ, ಚಾರ್ಜ್ ಮಾಡಿದ ಫೋನ್ ತೆಗೆದುಕೊಂಡು ಆಫೀಸಿಗೆ ಬನ್ನಿ ಎಂದು ಸುದ್ದಿ ಕಳಿಸಿದಳು.